ಬೆನ್ನಿಗೆ ಸೂಜಿ, ಬೆನ್ನಿಗೆ ಕಿರುಶಸ್ತ್ರಚಿಕಿತ್ಸೆ: ದಂಪತಿಗಳು ಅರಿತಿರಬೇಕಾದ ಅಪಾಯಸೂಚನೆಗಳು

ಬೇಸಾಯದ ಮನೆಯಲ್ಲಿ ಬೆನ್ನುನೋವನ್ನು ಕಾಣದವರು ವಿರಳ. ಗದ್ದೆಯಲ್ಲಿ ದಿನವಿಡೀ ಬಾಗಿ ಸಸಿ ನೆಡುವ ಹೆಂಗಸರು, ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊರುವವರು, ಅಡಿಕೆಯ ಗೊನೆಗಳನ್ನು ತೋಟದಿಂದ ಅಂಗಳಕ್ಕೆ ಸಾಗಿಸುವವರು, ಸುಗ್ಗಿಯ ಕಾಲದಲ್ಲಿ ತಡರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವವರು, ಶಿವಮೊಗ್ಗ-ಭದ್ರಾವತಿಗಳ ಕಾರ್ಖಾನೆಗಳಲ್ಲಿ ಭಾರ ಎತ್ತುವವರು, ಇವರೆಲ್ಲರ ಸೊಂಟವೂ ಒಂದಲ್ಲ ಒಂದು ದಿನ ದೂರು ಹೇಳಿಯೇ ಹೇಳುತ್ತದೆ. ಹಿಂದೆ ಇಂತಹ ನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರು ಹಾಕಿಸಿಕೊಂಡು ಸುಮ್ಮನಾಗುತ್ತಿದ್ದರು. ಈಗ ಪಟ್ಟಣದ ಆಸ್ಪತ್ರೆಗಳಲ್ಲಿ ಬೆನ್ನಿನ ಒಳಗೆ ಸೂಜಿಯ ಮೂಲಕ ಔಷಧಿ ಕೊಡುವ ಕ್ರಮವೂ, ಬೆರಳಗಲದ ಗಾಯದಿಂದಲೇ ಶಸ್ತ್ರಚಿಕಿತ್ಸೆ ಮಾಡುವ ಕ್ರಮವೂ ರೂಢಿಗೆ ಬಂದಿವೆ. ಇವುಗಳಿಂದ ಅನೇಕರಿಗೆ ಉಪಕಾರವಾಗಿದೆ. ಆದರೆ ಗಾಯ ಸಣ್ಣದಾದ ಮಾತ್ರಕ್ಕೆ ಅಪಾಯವೂ ಸಣ್ಣದೆಂದು ಭಾವಿಸುವುದು ತಪ್ಪು. ಅಪರೂಪಕ್ಕೆ ತಲೆದೋರುವ ತೊಡಕುಗಳು ಯಾವುವು, ಅವುಗಳನ್ನು ಮನೆಯಲ್ಲಿಯೇ ಗುರುತಿಸುವ ಬಗೆ ಹೇಗೆ, ಗಂಡ-ಹೆಂಡತಿ ಪರಸ್ಪರ ಯಾವ ಎಚ್ಚರ ವಹಿಸಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬೆನ್ನೆಲುಬಿನ ರಚನೆ

ಬೆನ್ನೆಲುಬು ಒಂದೇ ಮೂಳೆಯಲ್ಲ. ಕುತ್ತಿಗೆಯಿಂದ ಗುದದ ಮೇಲ್ಭಾಗದವರೆಗೆ ಒಂದರ ಮೇಲೊಂದು ಜೋಡಿಸಿದ 33 ಮಣಿಗಳಿಂದ ಅದು ರಚಿತವಾಗಿದೆ. ಕೆಳತುದಿಯ ಕೆಲವು ಮಣಿಗಳು ಬೆಳೆದವರಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೇಲಿನ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಇವನ್ನೇ ವೈದ್ಯರು ಡಿಸ್ಕ್ ಎಂದು ಕರೆಯುತ್ತಾರೆ. ಗಾಡಿಗೆ ಅಡ್ಡಪಟ್ಟಿಗಳು ಹೇಗೋ ಹಾಗೆ ಇವು ನಡಿಗೆಯ ಮತ್ತು ಹೊರೆಯ ಕುಲುಕಾಟವನ್ನು ತಡೆಯುತ್ತವೆ.

ಮಣಿಗಳ ಹಿಂಬದಿಯಲ್ಲಿ ಒಂದು ಕೊಳವೆಯಂತಹ ದಾರಿಯಿದೆ. ಮಿದುಳಿನಿಂದ ಇಳಿದುಬರುವ ಬೆನ್ನುಹುರಿಯು ಆ ದಾರಿಯಲ್ಲಿ, ನೀರಿನಂತಹ ತಿಳಿದ್ರವದಲ್ಲಿ ತೇಲುತ್ತ, ಒಂದು ಗಟ್ಟಿ ಪೊರೆಯ ಚೀಲದೊಳಗೆ ಭದ್ರವಾಗಿರುತ್ತದೆ. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಬಳಿ ಕೊನೆಗೊಳ್ಳುತ್ತದೆ. ಅಲ್ಲಿಂದ ಕೆಳಕ್ಕೆ ನರಗಳ ಎಳೆಗಳು ಕುದುರೆಯ ಬಾಲದಂತೆ ಕಟ್ಟಾಗಿ ಇಳಿಯುತ್ತವೆ. ಕಾಲುಗಳ ಚಲನೆ, ಮೂತ್ರ ಮತ್ತು ಮಲವಿಸರ್ಜನೆಯ ಹಿಡಿತ, ಗುಪ್ತಾಂಗಗಳ ಸ್ಪರ್ಶಜ್ಞಾನ, ದಾಂಪತ್ಯ ಸುಖ, ಇವೆಲ್ಲವೂ ಈ ನರಗಳ ಕಟ್ಟನ್ನು ಅವಲಂಬಿಸಿವೆ. ಮುಂದೆ ಹೇಳುವ ಸಂಗತಿಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿರುವುದರಿಂದ ಓದುಗರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಡಿಸ್ಕಿನ ಒಳಗಿನ ಮೆದು ಭಾಗವು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಿದಾಗ ಸೊಂಟದಿಂದ ತೊಡೆ, ಮೀನಖಂಡ, ಪಾದದವರೆಗೆ ಸೆಳೆತ ಹರಿಯುತ್ತದೆ. ಇದನ್ನು ಸಯಾಟಿಕ ಎನ್ನುತ್ತಾರೆ. ಸಂತೋಷದ ಸಂಗತಿಯೆಂದರೆ, ಇಂತಹ ನೋವು ಬಹುಪಾಲು ಜನರಲ್ಲಿ ಸಾಧಾರಣ ಔಷಧಿ ಮತ್ತು ಮಿತವಾದ ಚಟುವಟಿಕೆಯಿಂದ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಆದುದರಿಂದ ಸೊಂಟ ಹಿಡಿದ ಮರುವಾರವೇ ಸೂಜಿಗೋ ಶಸ್ತ್ರಕ್ಕೋ ಆತುರಪಡಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಕಾಲಿನ ಬಲ ಕುಗ್ಗುತ್ತಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬಾರದು.

ಈ ಚಿಕಿತ್ಸೆಗಳು ಯಾವುವು?

ಮೊದಲನೆಯದು ಸೂಜಿಯ ಚಿಕಿತ್ಸೆ. ಬೆನ್ನುಹುರಿಯ ಪೊರೆಯ ಹೊರಗಿನ ಸಂದಿನಲ್ಲಿ, ಒತ್ತಿಕೊಂಡ ನರದ ಸಮೀಪ, ಊತ ತಗ್ಗಿಸುವ ಸ್ಟೀರಾಯ್ಡ್ ಔಷಧಿಯನ್ನು ಬಿಡುತ್ತಾರೆ. ಕ್ಷ-ಕಿರಣ ಯಂತ್ರದ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತ ಇದನ್ನು ಮಾಡುವುದು ಸುರಕ್ಷಿತ ಕ್ರಮ. ಇದರಿಂದ ಸಿಗುವ ಉಪಶಮನ ಹೆಚ್ಚಿನವರಿಗೆ ಕೆಲವು ವಾರಗಳ ಅಥವಾ ಕೆಲವು ತಿಂಗಳುಗಳ ಕಾಲದ್ದು ಮಾತ್ರ.

ಎರಡನೆಯದು ಕಿರುಗಾಯದ ಶಸ್ತ್ರಚಿಕಿತ್ಸೆ. ಡಿಸ್ಕ್ ಜಾರಿದುದರಿಂದ ಕಾಲುನೋವು ಬರುವುದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಪ್ರಕಟಿಸಿದರು. ಆಗ ಬೆನ್ನನ್ನು ಅಗಲವಾಗಿ ಕೊಯ್ದು ಡಿಸ್ಕಿನ ತುಣುಕನ್ನು ತೆಗೆಯುತ್ತಿದ್ದರು. 1977ರಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಗಾಯದಲ್ಲಿ ಅದನ್ನು ಮಾಡುವ ಬಗೆಯನ್ನು ಯೂರೋಪಿನ ವೈದ್ಯರು ವರದಿ ಮಾಡಿದರು. 1997ರ ಸುಮಾರಿಗೆ ಕೊಳವೆಯೊಳಗೆ ದೀಪ ಮತ್ತು ಕ್ಯಾಮೆರಾ ಇಳಿಸಿ ಮಾಡುವ ದುರ್ಬೀನು ಚಿಕಿತ್ಸೆಯೂ ಬಂದಿತು. ಸ್ನಾಯುಗಳಿಗೆ ಪೆಟ್ಟು ಕಡಿಮೆ, ರಕ್ತನಷ್ಟ ಕಡಿಮೆ, ಆಸ್ಪತ್ರೆಯ ವಾಸವೂ ಕಡಿಮೆ. ಇವು ಅದರ ಗುಣಗಳು.

ಮೂರನೆಯದು ಮುರಿದ ಮಣಿಗೆ ಸಿಮೆಂಟ್ ತುಂಬುವ ಚಿಕಿತ್ಸೆ. ಮೂಳೆ ಸವೆದ ವೃದ್ಧರಲ್ಲಿ ಮಣಿ ಕುಸಿದಾಗ ದಪ್ಪ ಸೂಜಿಯ ಮೂಲಕ ವಿಶೇಷ ಸಿಮೆಂಟನ್ನು ಒಳಗೆ ಹಾಯಿಸುತ್ತಾರೆ. 1980ರ ದಶಕದಲ್ಲಿ ಇದು ಫ್ರಾನ್ಸ್ ದೇಶದಲ್ಲಿ ಆರಂಭವಾಯಿತು. ಮನೆಯಲ್ಲಿ ಅತ್ತೆ-ಮಾವಂದಿರಿರುವ ದಂಪತಿಗಳು ಇದನ್ನೂ ತಿಳಿದಿರುವುದು ಒಳಿತು.

ಸಣ್ಣ ಗಾಯದಲ್ಲಿ ಅಪಾಯವೆಲ್ಲಿಯದು?

ಗಾಯ ಚರ್ಮದ ಮೇಲೆ ಸಣ್ಣದಾದರೂ ಕೆಲಸ ನಡೆಯುವ ಸ್ಥಳ ಅದೇ. ಒಳಗೆ ಅದೇ ನರ, ಅದೇ ಪೊರೆ, ಮಣಿಯ ಮುಂಬದಿಯಲ್ಲಿ ಅದೇ ದೊಡ್ಡ ರಕ್ತನಾಳಗಳು. ಕಿರಿದಾದ ಕಿಂಡಿಯಿಂದ ನೋಡುತ್ತ ಮಾಡುವ ಕೆಲಸವಾದುದರಿಂದ ವೈದ್ಯರಿಗೆ ವಿಶೇಷ ತರಬೇತಿ ಮತ್ತು ಅಭ್ಯಾಸ ಬೇಕು. ಪರಿಣತರ ಕೈಯಲ್ಲಿಯೂ ತೊಡಕುಗಳು ಸಂಪೂರ್ಣವಾಗಿ ತಪ್ಪುವುದಿಲ್ಲ. ತೊಡಕು ಬಂದ ಮಾತ್ರಕ್ಕೆ ವೈದ್ಯರ ಅಲಕ್ಷ್ಯವೆಂದು ತಿಳಿಯಬೇಕಾಗಿಲ್ಲ. ಆದರೆ ತೊಡಕನ್ನು ಬೇಗ ಕಂಡುಹಿಡಿದರೆ ಹೆಚ್ಚಿನ ಪಾಲು ಸರಿಪಡಿಸಬಹುದು. ತಡವಾದರೆ ಕಾಲಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಇನ್ನೊಂದು ಮುಖ್ಯ ಕಾರಣವಿದೆ. ಇಂತಹ ಚಿಕಿತ್ಸೆಯ ನಂತರ ರೋಗಿಯನ್ನು ಅದೇ ದಿನ ಅಥವಾ ಮರುದಿನ ಮನೆಗೆ ಕಳುಹಿಸುತ್ತಾರೆ. ಹಿಂದೆ ವಾರಗಟ್ಟಲೆ ದಾದಿಯರ ಕಣ್ಣೆದುರಿನಲ್ಲಿ ಇರುತ್ತಿದ್ದ ರೋಗಿಯು ಈಗ ಮನೆಯವರ ಕಣ್ಣೆದುರಿನಲ್ಲಿ ಇರುತ್ತಾನೆ. ಆದುದರಿಂದ ಕಾವಲಿನ ಹೊಣೆ ಗಂಡನದೋ ಹೆಂಡತಿಯದೋ ಆಗಿರುತ್ತದೆ.

ಮೊದಲ ಒಂದೆರಡು ದಿನಗಳಲ್ಲಿ

ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ಬರಬಹುದಾದ ಅತಿ ಗಂಭೀರ ತೊಡಕೆಂದರೆ ಒಳಗಿನ ರಕ್ತಸ್ರಾವ. ರಕ್ತವು ಕೊಳವೆಯಂತಹ ಇಕ್ಕಟ್ಟಿನ ದಾರಿಯಲ್ಲಿ ಹೆಪ್ಪುಗಟ್ಟಿ ನರಗಳನ್ನು ಹಿಸುಕುತ್ತದೆ. ಹೊರಗಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವೂ ಕಾಣದಿರಬಹುದು. ನೋವು ಇಳಿಯುವ ಬದಲು ಏರುತ್ತ ಹೋಗುವುದು, ಕಾಲುಗಳು ಜೋಮು ಹಿಡಿಯುವುದು, ಪಾದವನ್ನು ಎತ್ತಲಾಗದಿರುವುದು, ಮೂತ್ರ ಕಟ್ಟುವುದು, ಇವು ಅದರ ಲಕ್ಷಣಗಳು. ಇಲ್ಲಿ ಗಂಟೆಗಳ ಲೆಕ್ಕವೇ ಮುಖ್ಯ. ಎಷ್ಟು ಬೇಗ ಒತ್ತಡವನ್ನು ಬಿಡಿಸುವರೋ ಅಷ್ಟು ಮಟ್ಟಿಗೆ ಕಾಲಿನ ಬಲ ಮರಳುತ್ತದೆ.

ಅತಿ ವಿರಳವಾಗಿ ಉಪಕರಣವು ಡಿಸ್ಕನ್ನು ದಾಟಿ ಹೊಟ್ಟೆಯ ಕಡೆಯ ದೊಡ್ಡ ರಕ್ತನಾಳವನ್ನು ತಾಗುವುದುಂಟು. ಆಗ ಹೊಟ್ಟೆ ಉಬ್ಬುವುದು, ಮೈ ತಣ್ಣಗಾಗಿ ಬೆವರುವುದು, ತಲೆ ಸುತ್ತಿ ಬೀಳುವುದು ಕಂಡುಬರಬಹುದು. ಇದು ಪ್ರಾಣಾಪಾಯದ ಸ್ಥಿತಿ. ನೀರು ಹಾಯಿಸುತ್ತ ಮಾಡುವ ದುರ್ಬೀನು ಚಿಕಿತ್ಸೆಯಲ್ಲಿ, ನೀರಿನ ಒತ್ತಡ ಹೆಚ್ಚಾದರೆ ಕುತ್ತಿಗೆನೋವು, ತಲೆನೋವು, ಅಪರೂಪಕ್ಕೆ ಮೂರ್ಛೆಯ ಸೆಳೆತ ಬರಬಹುದು. ಸಿಮೆಂಟ್ ಚಿಕಿತ್ಸೆಯಲ್ಲಿ ಸಿಮೆಂಟು ಸೋರಿ ನರವನ್ನು ಒತ್ತುವುದು ಅಥವಾ ರಕ್ತದ ಮೂಲಕ ಶ್ವಾಸಕೋಶ ಸೇರುವುದು ಸಾಧ್ಯ. ಎದೆ ಬಿಗಿದು ಉಸಿರುಗಟ್ಟಿದರೆ ತಡಮಾಡಬಾರದು.

ಪೊರೆಯ ಚೀಲ ಹರಿದು ತಿಳಿದ್ರವ ಸೋರುವುದು ಇವುಗಳಿಗಿಂತ ಹೆಚ್ಚು ಸಾಮಾನ್ಯ. ಡಿಸ್ಕ್ ಶಸ್ತ್ರಚಿಕಿತ್ಸೆಗೆ ಒಳಗಾದ ನೂರು ಮಂದಿಯಲ್ಲಿ ಕೆಲವರಿಗೆ ಇದು ಸಂಭವಿಸುತ್ತದೆ. ಎದ್ದು ಕುಳಿತೊಡನೆ ತಲೆ ಸಿಡಿಯುವುದು, ಮಲಗಿದೊಡನೆ ತಗ್ಗುವುದು ಇದರ ಗುರುತು. ಗಾಯದ ಪಟ್ಟಿ ನೀರಿನಂತಹ ದ್ರವದಿಂದ ತೋಯ್ದಿರಲೂಬಹುದು. ಬಹುಪಾಲು ಸಂದರ್ಭಗಳಲ್ಲಿ ಇದು ಗುಣವಾಗುತ್ತದೆ. ಆದರೆ ಸೋರುವ ದಾರಿಯಿಂದಲೇ ರೋಗಾಣುಗಳು ಒಳಹೊಕ್ಕು ಮಿದುಳಿನ ಪೊರೆಗೆ ಸೋಂಕು ತಗುಲಬಹುದಾದುದರಿಂದ ವೈದ್ಯರಿಗೆ ತೋರಿಸಲೇಬೇಕು.

ವಾರಗಳ ನಂತರ

ಗಾಯ ಒಣಗಿ, ಹೊಲಿಗೆ ಬಿಚ್ಚಿಸಿ, ಎಲ್ಲವೂ ಸರಿಹೋಯಿತೆಂದು ಭಾವಿಸಿರುವಾಗ ಬರುವ ತೊಡಕು ಸೋಂಕು. ಡಿಸ್ಕ್ ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಗುಲುವವರು ನೂರಕ್ಕೆ ಒಬ್ಬಿಬ್ಬರು ಮಾತ್ರ. ಆದರೆ ತಗುಲಿದವರ ಸಂಕಟ ಅಪಾರ. ಚಿಕಿತ್ಸೆಯಾದ ಒಂದರಿಂದ ನಾಲ್ಕು ವಾರಗಳ ನಡುವೆ, ಮೊದಲು ಕಡಿಮೆಯಾಗಿದ್ದ ನೋವು ಮತ್ತೆ ತೀವ್ರವಾಗಿ ಮರುಕಳಿಸುತ್ತದೆ. ರಾತ್ರಿ ಹೊರಳಲೂ ಆಗದಷ್ಟು ನೋವು, ಸಣ್ಣ ಜ್ವರ, ಚಳಿ, ಗಾಯದ ಸುತ್ತ ಕೆಂಪು ಅಥವಾ ಕೀವು ಕಾಣಬಹುದು. ಕೆಲವರಲ್ಲಿ ಹೊರಗಿನ ಗಾಯ ಚೊಕ್ಕಟವಾಗಿಯೇ ಇರುತ್ತದೆ.

ಮಲೆನಾಡಿನ ದಂಪತಿಗಳಿಗೆ ಇಲ್ಲೊಂದು ವಿಶೇಷ ಮಾತು. ನಮ್ಮ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಡೆಂಗಿ ಜ್ವರ, ಬೇಸಗೆಯಲ್ಲಿ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಉಂಟು. ಆದುದರಿಂದ ಬೆನ್ನಿನ ಚಿಕಿತ್ಸೆಯಾದ ಮೇಲೆ ಜ್ವರ ಬಂದರೆ, ‘ಊರಿಗೆಲ್ಲ ಬಂದ ಜ್ವರವೇ ಇರಬೇಕು’ ಎಂದು ಮನೆಯಲ್ಲಿಯೇ ನಿರ್ಧರಿಸಿಬಿಡುವ ಸಂಭವವಿದೆ. ಹಾಗೆ ಮಾಡಕೂಡದು. ಆರೋಗ್ಯ ಕೇಂದ್ರದ ವೈದ್ಯರಿಗೆ ‘ಇಷ್ಟು ದಿನಗಳ ಹಿಂದೆ ಬೆನ್ನಿಗೆ ಸೂಜಿ ಹಾಕಿಸಿದ್ದೇವೆ’ ಅಥವಾ ‘ಶಸ್ತ್ರಚಿಕಿತ್ಸೆ ಆಗಿದೆ’ ಎಂದು ಮೊದಲ ಮಾತಿನಲ್ಲಿಯೇ ತಿಳಿಸಬೇಕು.

ಸೂಜಿಯ ಚಿಕಿತ್ಸೆಯ ಸೋಂಕು ಎಷ್ಟು ಘೋರವಾಗಬಲ್ಲದೆಂಬುದಕ್ಕೆ 2012ರಲ್ಲಿ ಅಮೆರಿಕ ದೇಶದಲ್ಲಿ ನಡೆದ ದುರಂತವೇ ಸಾಕ್ಷಿ. ಮ್ಯಾಸಚೂಸೆಟ್ಸ್ ಪ್ರಾಂತದ ಒಂದು ಔಷಧಿ ತಯಾರಿಕಾ ಸಂಸ್ಥೆಯಲ್ಲಿ ಸಿದ್ಧವಾದ ಸ್ಟೀರಾಯ್ಡ್ ಔಷಧಿಯಲ್ಲಿ ಬೂಷ್ಟು ಬೆರೆತಿತ್ತು. ಅದನ್ನು ಬೆನ್ನಿಗೆ ಮತ್ತು ಕೀಲುಗಳಿಗೆ ಹಾಕಿಸಿಕೊಂಡವರಲ್ಲಿ 20 ರಾಜ್ಯಗಳ 750ಕ್ಕೂ ಹೆಚ್ಚು ಜನರು ಕಾಯಿಲೆಗೆ ತುತ್ತಾದರು. 60ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಅನೇಕರಿಗೆ ಮೊದಲ ಲಕ್ಷಣಗಳು ಕಂಡದ್ದು ಸೂಜಿ ಹಾಕಿಸಿಕೊಂಡ ಕೆಲವು ವಾರಗಳ ಮೇಲೆ. ತಲೆನೋವು, ಸಣ್ಣ ಜ್ವರ, ಕುತ್ತಿಗೆ ಬಿಗಿತ, ಇಷ್ಟೇ ಮೊದಮೊದಲಿನ ಲಕ್ಷಣಗಳಾಗಿದ್ದವು. 2014ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಇಲಾಖೆಯು, ಬೆನ್ನಿನೊಳಗಿನ ಸ್ಟೀರಾಯ್ಡ್ ಸೂಜಿಯಿಂದ ವಿರಳವಾಗಿ ದೃಷ್ಟಿನಾಶ, ಪಾರ್ಶ್ವವಾಯು, ಅಂಗಗಳ ಸ್ವಾಧೀನ ತಪ್ಪುವುದು ಮತ್ತು ಸಾವು ಕೂಡ ಸಂಭವಿಸಬಹುದೆಂದು ಔಷಧಿಯ ಪತ್ರದಲ್ಲಿ ಮುದ್ರಿಸಲು ಆಜ್ಞೆ ಮಾಡಿತು. ಸೂಜಿಯೇ ಬೇಡವೆಂಬುದು ಇದರ ತಾತ್ಪರ್ಯವಲ್ಲ. ಶುಚಿಯಾದ ಶಸ್ತ್ರಚಿಕಿತ್ಸಾ ಕೊಠಡಿ, ನಂಬಬಹುದಾದ ಔಷಧಿ, ತರಬೇತಿ ಪಡೆದ ತಜ್ಞರು, ಕ್ಷ-ಕಿರಣದ ನೆರವು, ಈ ನಾಲ್ಕೂ ಇಲ್ಲದ ಕಡೆ ಬೆನ್ನಿನ ಒಳಗೆ ಸೂಜಿ ಹಾಕಿಸಿಕೊಳ್ಳಕೂಡದೆಂಬುದೇ ತಾತ್ಪರ್ಯ. ಸಂತೆಯ ಪಕ್ಕದ ಅಂಗಡಿಯಲ್ಲಿ, ಪದವಿಯಿಲ್ಲದವರ ಕೈಯಲ್ಲಿ ಇಂತಹ ಸೂಜಿಗೆ ಬೆನ್ನು ಒಡ್ಡುವುದು ಪ್ರಾಣದೊಡನೆ ಆಡುವ ಜೂಜು.

ಹೇಳಲು ನಾಚಿಕೆಪಡುವ ಲಕ್ಷಣ

ಈ ಲೇಖನದಲ್ಲಿ ದಂಪತಿಗಳು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ಕುದುರೆಬಾಲದಂತಹ ನರಗಳ ಕಟ್ಟು ಹೆಪ್ಪುಗಟ್ಟಿದ ರಕ್ತದಿಂದಲೋ, ಕೀವಿನಿಂದಲೋ, ಮತ್ತೆ ಜಾರಿದ ಡಿಸ್ಕಿನಿಂದಲೋ ಒತ್ತಿಹೋದರೆ, ಮೊಟ್ಟಮೊದಲು ಅರಿವು ತಪ್ಪುವುದು ಗುಪ್ತಾಂಗಗಳ ಸುತ್ತ, ಗುದದ ಸುತ್ತ ಮತ್ತು ತೊಡೆಯ ಒಳಭಾಗದಲ್ಲಿ. ಸೈಕಲ್ಲಿನ ಮೇಲೆ ಕುಳಿತಾಗ ಆಸನಕ್ಕೆ ತಾಗುವ ಭಾಗವೆಂದರೆ ಸುಲಭವಾಗಿ ತಿಳಿಯುತ್ತದೆ. ಆ ಭಾಗ ಮರಗಟ್ಟಿದಂತಾಗುತ್ತದೆ. ಮೂತ್ರ ಬರುವ ಸೂಚನೆ ತಿಳಿಯುವುದಿಲ್ಲ, ಅಥವಾ ಹೊಟ್ಟೆ ಬಿಗಿದರೂ ಮೂತ್ರ ಇಳಿಯುವುದಿಲ್ಲ, ಅಥವಾ ಅರಿವಿಲ್ಲದೆಯೇ ಸೋರುತ್ತದೆ. ಮಲದ ಹಿಡಿತ ತಪ್ಪುತ್ತದೆ. ದಾಂಪತ್ಯ ಸಂಬಂಧದ ಶಕ್ತಿ ಮತ್ತು ಅನುಭವ ಕುಂದುತ್ತದೆ.

ಸಭ್ಯ ಕುಟುಂಬಗಳಲ್ಲಿ ಈ ಮಾತುಗಳನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ತ್ಯಾವರೆಕೊಪ್ಪದ ಒಬ್ಬ ರೈತನ ಪತ್ನಿಗೆ ಪಟ್ಟಣದಲ್ಲಿ ಡಿಸ್ಕಿನ ಕಿರುಶಸ್ತ್ರಚಿಕಿತ್ಸೆ ನಡೆದು ಎರಡನೆಯ ದಿನ ಮನೆಗೆ ಬಂದಿದ್ದಾಳೆ. ಮೂರನೆಯ ದಿನ ಬೆಳಗಿನಿಂದ ಮೂತ್ರವಾಗಿಲ್ಲ. ಕೆಳಭಾಗಕ್ಕೆ ನೀರು ತಾಗಿದರೂ ತಿಳಿಯುತ್ತಿಲ್ಲ. ಅತ್ತೆಗೆ ಹೇಳಲು ಸಂಕೋಚ. ಗಂಡ ‘ಹೇಗಿದ್ದೀಯೆ?’ ಎಂದು ಕೇಳಿದರೆ ‘ಪರವಾಗಿಲ್ಲ ರೀ’ ಎನ್ನುತ್ತಾಳೆ. ನಾಲ್ಕನೆಯ ದಿನ ಕಾಲು ಎಳೆಯಲಾರಂಭಿಸಿದಾಗ ಎಲ್ಲರಿಗೂ ಗಾಬರಿ. ಅಷ್ಟು ಹೊತ್ತಿಗೆ ಅಮೂಲ್ಯವಾದ ಒಂದು ಹಗಲು, ಒಂದು ರಾತ್ರಿ ಕಳೆದುಹೋಗಿರುತ್ತದೆ. ಇದೇ ಗಂಡನು ‘ಮೂತ್ರ ಸರಿಯಾಗಿ ಹೋಯಿತೇ? ಬಟ್ಟೆ ತಾಗಿದ್ದು ತಿಳಿಯುತ್ತದೆಯೇ?’ ಎಂದು ಮೂರನೆಯ ದಿನವೇ ಬಿಚ್ಚಿ ಕೇಳಿದ್ದರೆ, ಅದೇ ದಿನ ಆಸ್ಪತ್ರೆ ಸೇರಬಹುದಾಗಿತ್ತು.

ಇಂತಹ ಒತ್ತಡವನ್ನು ಲಕ್ಷಣ ಕಂಡ 48 ಗಂಟೆಗಳೊಳಗೆ ಬಿಡಿಸಿದವರಲ್ಲಿ ಫಲಿತಾಂಶ ಉತ್ತಮವೆಂದು ವೈದ್ಯರು ಕಂಡುಕೊಂಡಿದ್ದಾರೆ. ಅದಕ್ಕಿಂತಲೂ ಮುಂಚೆಯಾದಷ್ಟೂ ಶ್ರೇಯಸ್ಕರ. ತಡವಾದಲ್ಲಿ ಜೀವನಪರ್ಯಂತ ಮೂತ್ರದ ನಳಿಕೆ, ಮಲದ ಹಿಡಿತವಿಲ್ಲದ ಅವಸ್ಥೆ, ದಾಂಪತ್ಯ ಸುಖದ ನಷ್ಟ ಉಳಿದುಬಿಡಬಹುದು. ಒಂದು ದಿನದ ನಾಚಿಕೆಗಾಗಿ ಇಷ್ಟೊಂದು ಬೆಲೆ ತೆರುವುದು ಸರಿಯೇ? ಗಂಡ-ಹೆಂಡತಿಯ ನಡುವೆ ಈ ವಿಷಯದಲ್ಲಿ ಸಂಕೋಚ ಸಲ್ಲದು. ಚಿಕಿತ್ಸೆಯಾದ ಮೊದಲ ಎರಡು ವಾರ ದಿನಕ್ಕೆ ಎರಡು ಬಾರಿ ಈ ಪ್ರಶ್ನೆಗಳನ್ನು ಕೇಳುವುದನ್ನು ಔಷಧಿ ಕೊಡುವಷ್ಟೇ ನಿಯಮಿತವಾಗಿ ಪಾಲಿಸಬೇಕು:

1. ಮೂತ್ರ ಸಲೀಸಾಗಿ, ಎಂದಿನಂತೆ ಹೋಗುತ್ತಿದೆಯೇ?
2. ಗುಪ್ತಾಂಗ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯುತ್ತಿದೆಯೇ?
3. ಎರಡೂ ಪಾದಗಳನ್ನು, ಹೆಬ್ಬೆರಳುಗಳನ್ನು ಮೇಲಕ್ಕೆ ಎತ್ತಲು ಸಾಧ್ಯವೇ?
4. ನೋವು ನಿನ್ನೆಗಿಂತ ಕಡಿಮೆಯೇ, ಹೆಚ್ಚೇ?
5. ಜ್ವರ, ಚಳಿ, ಕುತ್ತಿಗೆ ಬಿಗಿತ, ಎದ್ದರೆ ಹೆಚ್ಚುವ ತಲೆನೋವು ಇದೆಯೇ?
6. ಪಟ್ಟಿ ಒದ್ದೆಯಾಗಿದೆಯೇ?
7. ಮೀನಖಂಡದಲ್ಲಿ ಊತ, ಎದೆಯಲ್ಲಿ ನೋವು, ಏದುಸಿರು ಇದೆಯೇ?

ಕೊನೆಯ ಪ್ರಶ್ನೆಗೆ ಕಾರಣವಿದೆ. ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಹೊತ್ತು ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಾಗಬಹುದು. ವೈದ್ಯರು ಹೇಳಿದಂತೆ ಬೇಗ ಎದ್ದು ನಡೆದಾಡುವುದೇ ಇದಕ್ಕೆ ತಡೆ.

ಒಪ್ಪುವ ಮೊದಲು ತಿಳಿಸಬೇಕಾದುದು

ವೈದ್ಯರಿಂದ ಏನನ್ನೂ ಮುಚ್ಚಿಡಬಾರದು. ಹೃದಯಕ್ಕಾಗಿ ರಕ್ತ ತೆಳುಮಾಡುವ ಗುಳಿಗೆ ಸೇವಿಸುತ್ತಿದ್ದರೆ ಚೀಟಿ ಸಮೇತ ತೋರಿಸಬೇಕು. ಅವನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಸಿಹಿಮೂತ್ರದ ಕಾಯಿಲೆಯವರಿಗೆ ಸ್ಟೀರಾಯ್ಡ್ ಸೂಜಿಯ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಅವರಲ್ಲಿ ಸೋಂಕಿನ ಸಂಭವವೂ ಹೆಚ್ಚು. ಬೀಡಿ-ಸಿಗರೇಟು ಸೇದುವವರ ಗಾಯ ಮಾಯುವುದು ನಿಧಾನ. ಮೈಯಲ್ಲಿ ಎಲ್ಲಿಯಾದರೂ ಕುರು, ಕೀವು, ಜ್ವರ ಇದ್ದರೆ ಸೂಜಿಯನ್ನು ಮುಂದೂಡಬೇಕು.

ಗೃಹಿಣಿಯರು ಎರಡು ಸಂಗತಿಗಳನ್ನು ಮರೆಯದೆ ತಿಳಿಸಬೇಕು. ಒಂದು, ಮುಟ್ಟು ನಿಂತಿದ್ದರೆ ಅಥವಾ ಗರ್ಭದ ಸಂಶಯವಿದ್ದರೆ ಹೇಳಬೇಕು. ಏಕೆಂದರೆ ಈ ಚಿಕಿತ್ಸೆಗಳಲ್ಲಿ ಕ್ಷ-ಕಿರಣ ಬಳಸುತ್ತಾರೆ. ಎರಡು, ಮಾಲಾ-ಎನ್ ಮುಂತಾದ ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಹೇಳಬೇಕು. ಇವು ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಸ್ವಲ್ಪ ಹೆಚ್ಚಿಸುವುದರಿಂದ, ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ ಬೇರೆ ವಿಧಾನವನ್ನು ವೈದ್ಯರು ಸೂಚಿಸಬಹುದು. ಆ ಅವಧಿಯಲ್ಲಿ ಪತಿಯು ನಿರೋಧ್ ಬಳಸುವುದು ಸುಲಭವಾದ ಮಾರ್ಗ.

ಬೆನ್ನುನೋವೆಲ್ಲ ಡಿಸ್ಕಿನದೇ ಎಂದು ತಿಳಿಯಬಾರದು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿಯ ಬೆವರು ಇದ್ದರೆ ಬೆನ್ನುಮಣಿಯ ಕ್ಷಯರೋಗವಿರಬಹುದು. ಹಸಿ ಹಾಲು ಕುಡಿಯುವವರಲ್ಲಿ, ದನಕರುಗಳ ಹೆರಿಗೆ ಮಾಡಿಸುವವರಲ್ಲಿ ಬ್ರೂಸೆಲ್ಲಾ ಎಂಬ ರೋಗಾಣುವಿನಿಂದಲೂ ಬೆನ್ನುನೋವು ಮತ್ತು ಜ್ವರ ಬರುವುದುಂಟು. ಇಂತಹವರಿಗೆ ಸ್ಟೀರಾಯ್ಡ್ ಸೂಜಿ ಕೊಟ್ಟರೆ ರೋಗ ಹರಡಲು ದಾರಿ ಮಾಡಿದಂತಾಗುತ್ತದೆ. ಆದುದರಿಂದ ಸೂಜಿಗೆ ಮೊದಲು ರಕ್ತಪರೀಕ್ಷೆ ಮತ್ತು ಬೆನ್ನಿನ ಎಂ.ಆರ್.ಐ. ಚಿತ್ರ ಬೇಕೇ ಎಂದು ಕೇಳಿ ತಿಳಿಯಬೇಕು. ಕ್ಷಯರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ.

ವೈದ್ಯರನ್ನು ಹೀಗೆ ಕೇಳಲು ಹಿಂಜರಿಯಬೇಡಿ: ಈ ಚಿಕಿತ್ಸೆ ಈಗಲೇ ಆಗಬೇಕೇ, ಕೆಲವು ವಾರ ಕಾಯಬಹುದೇ? ಇದರಿಂದ ಕಾಲುನೋವು ಹೋಗುವುದೇ, ಸೊಂಟನೋವೂ ಹೋಗುವುದೇ? ನನ್ನ ದೇಹಸ್ಥಿತಿಗೆ ವಿಶೇಷ ಅಪಾಯವೇನು? ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು? ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿ, ಅರ್ಥವಾದ ಮೇಲೆಯೇ ಸಹಿ ಹಾಕಬೇಕು. ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ಬೇರೆ ಆಸ್ಪತ್ರೆಗೆ ಧಾವಿಸಬೇಕಾದಾಗ ಆ ಕಾಗದಗಳೇ ದಾರಿ ತೋರಿಸುತ್ತವೆ.

ಹೆರಿಗೆಯ ಸೂಜಿಯ ಬಗ್ಗೆ ಅನಾವಶ್ಯಕ ಭಯ ಬೇಡ

ಸಿಸೇರಿಯನ್ ಹೆರಿಗೆಯಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿಯು ಮೇಲೆ ಹೇಳಿದ ನೋವಿನ ಸೂಜಿಗಿಂತ ಬೇರೆ. ಜರ್ಮನಿಯ ಆಗಸ್ಟ್ ಬಿಯರ್ ಎಂಬ ವೈದ್ಯರು 1898ರಲ್ಲಿ ಇದನ್ನು ಮೊದಲು ಶಸ್ತ್ರಚಿಕಿತ್ಸೆಗೆ ಬಳಸಿದರು. ತಮ್ಮ ಮೇಲೆಯೂ ಪ್ರಯೋಗಿಸಿಕೊಂಡು, ದ್ರವ ಸೋರಿದ್ದರಿಂದ ಎದ್ದೊಡನೆ ಬರುವ ತಲೆನೋವನ್ನು ತಾವೇ ಅನುಭವಿಸಿದರು. ಬೆನ್ನುಹುರಿ ಮುಗಿದ ಕೆಳಭಾಗದಲ್ಲಿ, ಈಗಿನ ಅತಿ ಸಪೂರ ಸೂಜಿಯಿಂದ ಇದನ್ನು ಕೊಡುವುದರಿಂದ ಆ ತಲೆನೋವೂ ಈಗ ವಿರಳವಾಗಿದೆ, ಬಂದರೂ ಚಿಕಿತ್ಸೆಯಿದೆ. ‘ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿಸಿದ್ದರಿಂದಲೇ ಜನ್ಮವಿಡೀ ಸೊಂಟನೋವು’ ಎಂಬ ಮಾತು ಹಳ್ಳಿಗಳಲ್ಲಿ ಪ್ರಚಲಿತವಾಗಿದೆ. ಸೂಜಿಯಿಲ್ಲದೆ ಹೆತ್ತ ತಾಯಂದಿರಲ್ಲಿಯೂ ಸೊಂಟನೋವು ಸಾಮಾನ್ಯವಾಗಿ ಇರುತ್ತದೆ. ಬಸಿರಿನ ಭಾರ, ಸ್ನಾಯುಗಳ ಸಡಿಲಿಕೆ, ಮಗುವನ್ನು ಬಗ್ಗಿ ಎತ್ತುವುದು, ಬಾಣಂತನದ ಆರೈಕೆಯ ಕೊರತೆ, ಇವೇ ಅದರ ಕಾರಣಗಳು. ಈ ಭಯದಿಂದ ತಾಯಿ-ಮಗುವಿನ ಪ್ರಾಣ ಉಳಿಸುವ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವುದು ಅವಿವೇಕ. ಆದರೆ ಕಾಲಿನ ಶಕ್ತಿ ಮರುದಿನವೂ ಮರಳದಿದ್ದರೆ, ತಲೆನೋವಿನೊಡನೆ ಜ್ವರ ಬಂದರೆ, ಬಾಣಂತಿಯೂ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಗೆ ಬಂದ ಮೇಲೆ

ಗಾಯವನ್ನು ವೈದ್ಯರು ಹೇಳುವವರೆಗೆ ಒಣದಾಗಿ ಇಡಬೇಕು. ಎಣ್ಣೆ, ಸೊಪ್ಪಿನ ರಸ, ಅರಿಸಿನ ಯಾವುದನ್ನೂ ಹಚ್ಚಬಾರದು. ಬೆನ್ನು ನೀವಿಸಿಕೊಳ್ಳುವುದು, ಎಳೆಸಿಕೊಳ್ಳುವುದು ಸಲ್ಲದು. ಮೊದಲ ಕೆಲವು ವಾರ ನೀರಿನ ಕೊಡ, ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ ಎತ್ತಬಾರದು, ಬಗ್ಗಿ ತಿರುಗಬಾರದು. ಹೊಂಡಗಳ ದಾರಿಯಲ್ಲಿ ಮೋಟಾರ್ ಸೈಕಲ್ ಪ್ರಯಾಣ ಬೇಡ. ಡಿಸ್ಕ್ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು 5ರಿಂದ 15 ಜನರಿಗೆ ಅದೇ ಡಿಸ್ಕು ಮತ್ತೆ ಜಾರುತ್ತದೆ. ಹೆಂಡತಿಗೆ ಚಿಕಿತ್ಸೆಯಾಗಿದ್ದರೆ ಗಂಡನು ಬಾವಿಯಿಂದ ನೀರು ತರುವುದರಲ್ಲಿ, ಕೊಟ್ಟಿಗೆ ಗುಡಿಸುವುದರಲ್ಲಿ ಅವಮಾನವೇನೂ ಇಲ್ಲ. ಗಂಡನಿಗೆ ಆಗಿದ್ದರೆ ನಾಟಿಯ ಕಾಲವೆಂದು ಅವನನ್ನು ಗದ್ದೆಗೆ ಇಳಿಸದೆ, ಮುಯ್ಯಾಳುಗಳಿಂದ ಕೆಲಸ ಸಾಗಿಸಬೇಕು.

ದಾಂಪತ್ಯ ಸಂಬಂಧವನ್ನು ಸಾಮಾನ್ಯವಾಗಿ ಕೆಲವು ವಾರಗಳ ನಂತರ, ನೋವಿಲ್ಲದಿದ್ದಾಗ, ಬೆನ್ನಿಗೆ ಆಯಾಸವಾಗದಂತೆ ಪುನರಾರಂಭಿಸಬಹುದು. ಸರಿಯಾದ ಸಮಯವನ್ನು ವೈದ್ಯರಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ. ಮುಂದಿನ ಬಸಿರನ್ನು ಬೆನ್ನು ಪೂರ್ಣ ಗುಣವಾಗುವವರೆಗೆ ಮುಂದೂಡುವುದು ತಾಯಿಗೂ ಮಗುವಿಗೂ ಕ್ಷೇಮ. ತಕ್ಕ ವಿಧಾನವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರದ ಆರೋಗ್ಯ ಸಹಾಯಕಿ ತಿಳಿಸಿಕೊಡುತ್ತಾರೆ.

ಎಲ್ಲಿಗೆ ಹೋಗಬೇಕು?

ಕಾಲಿನ ಬಲ ಕುಂದುವುದು, ಕೆಳಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು, ತೀವ್ರ ಜ್ವರ, ಉಸಿರುಗಟ್ಟುವುದು, ಈ ಐದರಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಸಾಗರ ರಸ್ತೆಯ ತ್ಯಾವರೆಕೊಪ್ಪ ಶಿವಮೊಗ್ಗೆಗೆ ಸುಮಾರು 10 ಕಿಲೋಮೀಟರು ದೂರ. ಸುತ್ತಲಿನವರು ಸಿಂಹಧಾಮದ ಹೆಸರಿನಿಂದ ಬಲ್ಲ ಈ ಊರಿನಿಂದ ಜಿಲ್ಲಾ ಮೆಗ್ಗಾನ್ ಬೋಧನಾ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಚಿಕಿತ್ಸೆ ಮಾಡಿದ ಆಸ್ಪತ್ರೆ ದೂರದ ಬೆಂಗಳೂರಿನಲ್ಲಿಯೋ ಮಣಿಪಾಲದಲ್ಲಿಯೋ ಇದ್ದರೂ, ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ದಾಖಲೆಗಳೊಂದಿಗೆ ಹೋಗಿ, ಅಲ್ಲಿಂದಲೇ ಫೋನಿನಲ್ಲಿ ಸಂಪರ್ಕಿಸುವುದು ಸೂಕ್ತ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಪಡಿತರ ಚೀಟಿಯ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ನೆರವು ಉಂಟು. ಕಾರ್ಡನ್ನು ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲ.

ಬೆನ್ನಿನ ಸೂಜಿ ಮತ್ತು ಕಿರುಶಸ್ತ್ರಚಿಕಿತ್ಸೆಗಳು ವಿಜ್ಞಾನದ ವರಗಳು. ತಕ್ಕ ರೋಗಿಗೆ, ತಕ್ಕ ಸಮಯದಲ್ಲಿ, ತಕ್ಕ ಕೈಯಿಂದ ದೊರೆತರೆ ಅವು ಹಾಸಿಗೆ ಹಿಡಿದವರನ್ನು ಗದ್ದೆಗೆ ಮರಳಿಸಬಲ್ಲವು. ಅವುಗಳಿಗೆ ಹೆದರಿ ದೂರ ಓಡುವುದೂ ಬೇಡ, ಹಗುರವಾಗಿ ಕಾಣುವುದೂ ಬೇಡ. ದಂಪತಿಗಳು ಈ ಪುಟದ ಏಳು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳಲಿ. ನೆರೆಹೊರೆಯವರಲ್ಲಿ ಯಾರಿಗಾದರೂ ಇಂತಹ ಚಿಕಿತ್ಸೆಯಾಗಿದ್ದರೆ ಈ ಪುಸ್ತಿಕೆಯನ್ನು ಅವರಿಗೂ ಕೊಡಿ.